ತಾಯಿ ಕರಡಿಯ ಸಾವಿನ ಬಗ್ಗೆ ಸರ್ವಾನುಮತದ ವರದಿ

ಊರಿನಲ್ಲಿ ಯಾವ ಅಂಗಡಿಯ ತಕ್ಕಡಿ ಎಷ್ಟು ಗ್ರಾಂ ಸುಳ್ಳು ಹೇಳುತ್ತದೆ ಎಂಬುದು ಪಕ್ಕಾ ಗೊತ್ತಿದ್ದ ಮನುಷ್ಯ ಅವನೊಬ್ಬನೇ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಹದಿನಾಲ್ಕು ವರ್ಷದಿಂದ ಇನ್ಸ್‌ಪೆಕ್ಟರು. ಜನ ಅವನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ತಕ್ಕಡಿ ಸಾಹೇಬರು ಬಂದರು ಎಂದರೆ ತರಕಾರಿಯವಳಿಂದ ಹಿಡಿದು ಹಳೇ ಪೇಪರ್ ಕೊಳ್ಳುವವನವರೆಗೆ ಎಲ್ಲರೂ ತಟ್ಟೆ ಒರೆಸಿ ನೆಟ್ಟಗೆ ನಿಲ್ಲುತ್ತಿದ್ದರು. ಅವನು ಚೀಲದಿಂದ ಹಿತ್ತಾಳೆಯ ತೂಕದ ಕಲ್ಲುಗಳನ್ನು ಒಂದೊಂದಾಗಿ ತೆಗೆದಿಟ್ಟು, ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿದು ನೋಡಿ, ಸೀಸದ ಮುದ್ರೆ ಒತ್ತಿ, ಪುಸ್ತಕದಲ್ಲಿ 'ಖುದ್ದಾಗಿ ಪರಿಶೀಲಿಸಿದೆ' ಎಂದು ಬರೆದು ರುಜು ಹಾಕಿದನೆಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಹದಿನಾಲ್ಕು ವರ್ಷದಲ್ಲಿ ನೋಡದೆ ರುಜು ಹಾಕಿದ್ದು ಒಂದು ಸಲವೂ ಇಲ್ಲ. ಈ ಮಾತನ್ನು ಅವನು ಯಾರೂ ಕೇಳದಿದ್ದರೂ ವಾರಕ್ಕೆ ಎರಡು ಸಲ ತಾನಾಗಿಯೇ ಹೇಳುತ್ತಿದ್ದ.

ಇಂಥ ಮನುಷ್ಯನ ಮಾನ ಹೋದದ್ದು ಒಂದು ಕರಡಿಯಿಂದ. ಅದೂ ನಿಜವಾದ ಕರಡಿಯಲ್ಲ, ಯಾರೋ ಬಣ್ಣದಲ್ಲಿ ಬರೆದು ಓಡಾಡಿಸಿದ ಕರಡಿ.

ಮಗಳ ಶಾಲೆಯ ಹೆಡ್‌ಮಿಸ್ ಮೂರು ದಿನದ ತರಬೇತಿಗೆ ಹೋಗಿ ಬಂದಿದ್ದರು. ತರಬೇತಿಗೆ ಹೋದವರು ಬರಿಗೈಯಲ್ಲಿ ಬರುವುದಿಲ್ಲ. ಒಂದು ಚೀಲ, ಒಂದು ಪೆನ್ನು, ಒಂದು ಹೊಸ ಪದ ತರುತ್ತಾರೆ. ಇವರು ತಂದ ಪದ 'ಸಹವೀಕ್ಷಣೆ'. ಅಂದರೆ ಮಕ್ಕಳ ಕಾರ್ಟೂನ್ ಸಿನಿಮಾವನ್ನು ತಂದೆಯೋ ತಾಯಿಯೋ ಮಗುವಿನ ಪಕ್ಕದಲ್ಲೇ ಕೂತು, ಮೊಬೈಲ್ ಮುಟ್ಟದೆ, ಕೊನೆಯವರೆಗೆ ನೋಡುವುದು. ನೋಡಿದ ಮೇಲೆ ಒಂದು ಹಾಳೆ ತುಂಬಿ ಕೊಡಬೇಕು. ಅದರಲ್ಲಿ ಮೂರು ಪ್ರಶ್ನೆ. ಇಂಥ ಸಿನಿಮಾ ದೊಡ್ಡವರ ಮನಸ್ಸನ್ನೂ ಹಿಡಿದಿಡುತ್ತದೆಯೇ? ನಿಮ್ಮ ಮನಸ್ಸಿಗೆ ಹೆಚ್ಚು ತಟ್ಟಿದ ದೃಶ್ಯ ಯಾವುದು? ಅದರ ಬಗ್ಗೆ ಮಗುವಿನ ಜೊತೆ ಏನು ಮಾತಾಡಿದಿರಿ? ಮೂರನೇ ತರಗತಿಯ ಮೂವತ್ತೆರಡು ಮಕ್ಕಳಿಗೂ ಒಂದೇ ಸಿನಿಮಾ ಎಂದು ನಿರ್ಧಾರವಾಯಿತು. ಅದು ಆಗಷ್ಟೇ ಬಂದಿದ್ದ ಕರಡಿಮರಿಯ ಸಿನಿಮಾ. ವರ್ಷದ ಕೊನೆಗೆ ಅದೇ ಕಥೆಯನ್ನು ಮಕ್ಕಳಿಂದ ನಾಟಕ ಆಡಿಸುವುದೆಂದೂ ಆಯಿತು, ಮರಿಕರಡಿಯ ಪಾತ್ರ ತಕ್ಕಡಿ ಸಾಹೇಬರ ಮಗಳಿಗೆ ಸಿಕ್ಕಿತು.

ಮಗಳಿಗೆ ಎಂಟು ವರ್ಷ. ಪಾತ್ರ ಸಿಕ್ಕ ದಿನದಿಂದ ಅವಳು ಮನೆಯಲ್ಲಿ ಎರಡು ಕಾಲಿನಲ್ಲಿ ನಡೆಯುವುದನ್ನೇ ಬಿಟ್ಟಳು. ಅಮ್ಮ ಹಳೆಯ ಕಂದು ಕಂಬಳಿ ಕತ್ತರಿಸಿ ಕರಡಿಯ ಚರ್ಮ ಹೊಲಿದು ಕೊಟ್ಟಳು, ಕಾಲುಚೀಲದಲ್ಲಿ ಪಂಜ ಮಾಡಿಕೊಟ್ಟಳು. ಮಗಳು ಅದನ್ನು ಹಾಕಿಕೊಂಡೇ ಹಲ್ಲುಜ್ಜುತ್ತಿದ್ದಳು, ಹಾಕಿಕೊಂಡೇ ಮಗ್ಗಿ ಹೇಳುತ್ತಿದ್ದಳು. ಆ ಮನೆಯಲ್ಲಿ ಆ ದಿನಗಳಲ್ಲಿ ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿರಲಿಲ್ಲ.

ಶನಿವಾರ ಮಧ್ಯಾಹ್ನದ ಆಟ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಅವಳಿಗೆ ಡ್ಯೂಟಿ. ಹೀಗಾಗಿ ಸಹವೀಕ್ಷಣೆ ಇವನ ಹೆಗಲಿಗೆ ಬಿತ್ತು. ಇವನು ನೋಡಬೇಕೆಂದೇ ಹೋದವನು, ಅದರಲ್ಲಿ ಸಂಶಯ ಬೇಡ. ಬಾಗಿಲಲ್ಲಿ ಕೊಂಡ ಪಾಪ್‌ಕಾರ್ನ್ ಪೊಟ್ಟಣವನ್ನು ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿ, ಬರೆದದ್ದಕ್ಕಿಂತ ಹನ್ನೆರಡು ಗ್ರಾಂ ಕಡಿಮೆಯಿದೆ ಎಂದು ಮನಸ್ಸಿನಲ್ಲೇ ಕೇಸು ಹಾಕಿ, ಒಳಗೆ ಹೋಗಿ ಕೂತ. ಅನಾಹುತ ಆದದ್ದು ಕುರ್ಚಿಯಿಂದ. ಕಚೇರಿಯ ಕುರ್ಚಿಯಲ್ಲಿ ಯಾವ ಮೊಳೆ ಯಾವ ಕಡೆಯಿಂದ ಚುಚ್ಚೀತು ಎಂದು ಹದಿನಾಲ್ಕು ವರ್ಷ ಎಚ್ಚರವಾಗಿದ್ದ ಬೆನ್ನು ಅದು. ಹಿಂದಕ್ಕೆ ಬಾಗುವ, ಕಾಲಿಗೂ ಆಸರೆ ಕೊಡುವ ಮೆತ್ತನೆಯ ಜಾಗ ಸಿಕ್ಕಿದ ಕೂಡಲೇ ಯಜಮಾನನನ್ನು ಒಂದು ಮಾತೂ ಕೇಳದೆ ರಜೆ ಹಾಕಿತು. ಸಾಲದ್ದಕ್ಕೆ ಪರದೆಯ ಮೇಲೂ ಚಳಿಗಾಲ ಶುರುವಾಗಿ, ಕರಡಿಗಳೆಲ್ಲ ಗುಹೆ ಸೇರಿ ಒಂದಾದ ಮೇಲೊಂದು ಆಕಳಿಸುತ್ತಿದ್ದವು. ನಾಲ್ಕನೆಯ ಕರಡಿ ಆಕಳಿಸಿದ ಮೇಲೆ ಇವನು ಆಕಳಿಸಿದ. ಐದನೆಯ ಕರಡಿಯನ್ನು ಇವನು ನೋಡಲಿಲ್ಲ.

ನಡುವೆ ಒಮ್ಮೆ ಎಚ್ಚರವಾಯಿತು. ಪಿಟೀಲುಗಳು ಗೊಳೋ ಎನ್ನುತ್ತಿದ್ದವು. ಪರದೆಯ ತುಂಬ ದೊಡ್ಡದೊಂದು ಕರಡಿ ಅಲ್ಲಾಡದೆ ಬಿದ್ದಿತ್ತು, ಅದರ ಕಿವಿಯ ಹತ್ತಿರ ಮರಿ ಕೂತು ಏನೋ ಹೇಳುತ್ತಿತ್ತು, ಮರಿಯ ಮೂಗಿನ ತುದಿಯಲ್ಲಿ ಒಂದು ಹನಿ. ಅಯ್ಯೋ ಪಾಪ, ತಾಯಿ ಹೋಯಿತು ಎಂದುಕೊಂಡು ಕನಿಕರದಿಂದ ಮತ್ತೆ ಕಣ್ಣು ಮುಚ್ಚಿದ. ಆಮೇಲೆ ನೋಡಿದ್ದು ದೀಪ ಹತ್ತಿದ್ದನ್ನೇ.

ಸೋಮವಾರ ಬೆಳಿಗ್ಗೆ ಶಾಲೆಯ ಗೇಟಿನ ಬಳಿ ಹಾಳೆಯ ನೆನಪಾಯಿತು. ಗಂಟೆ ಹೊಡೆಯಲು ಐದು ನಿಮಿಷ. ಗೋಡೆಗೆ ಒತ್ತಿಟ್ಟು ಬರೆದ. ಮೊದಲ ಪ್ರಶ್ನೆಗೆ 'ಖಂಡಿತ'. ಎರಡನೆಯದಕ್ಕೆ 'ತಾಯಿ ಕರಡಿ ಸಾಯುವ ದೃಶ್ಯ, ಕಣ್ಣು ತುಂಬಿ ಬಂತು'. ಮೂರನೆಯದಕ್ಕೆ 'ಹುಟ್ಟಿದವರು ಸಾಯಲೇಬೇಕು, ಧೈರ್ಯ ಮುಖ್ಯ ಎಂದು ತಿಳಿಹೇಳಿದೆ'. ರುಜು ಹಾಕಿದ, ಕೈ ತಡೆಯದೆ ಜೇಬಿನಲ್ಲಿದ್ದ ಇಲಾಖೆಯ ರಬ್ಬರ್ ಸ್ಟಾಂಪನ್ನೂ ಒತ್ತಿಬಿಟ್ಟ. ಬೆನ್ನ ಹಿಂದೆ ಖಾಲಿ ಹಾಳೆ ಹಿಡಿದು ನಿಂತಿದ್ದವರು ಪೋಷಕರ ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು. ಅವರ ಹಿಂದೆ ಇನ್ನೂ ಹದಿನೇಳು ಜನ, ಹದಿನೇಳು ಖಾಲಿ ಹಾಳೆ. ಡಾಕ್ಟರು ಕತ್ತು ಚಾಚಿ ನೋಡಿದರು. ನಂಗೂ ಅದೇ ದೃಶ್ಯ ಮನಸ್ಸಿಗೆ ತಟ್ಟಿದ್ದು, ನೋಡಿ, ಎಂದರು. ತಕ್ಕಡಿ ಸಾಹೇಬರೇ ಸ್ಟಾಂಪ್ ಹಾಕಿದ ಮೇಲೆ ತೂಕದಲ್ಲಿ ಮೋಸವಿರಲಾರದು ಎಂದು ಮಿಕ್ಕವರಿಗೂ ಅನಿಸಿತು. ಗಂಟೆ ಹೊಡೆಯುವ ಹೊತ್ತಿಗೆ ತಾಯಿ ಕರಡಿ ಹತ್ತೊಂಬತ್ತು ಹಾಳೆಗಳಲ್ಲಿ ಸತ್ತಿತ್ತು.

ಕೋಣ ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹೆಡ್‌ಮಿಸ್ ಹಾಳೆಗಳನ್ನು ಓದಿ ಗಾಬರಿಯಾದರು. ಅವರೂ ಸಿನಿಮಾ ನೋಡಿರಲಿಲ್ಲ, ಪದವನ್ನಷ್ಟೇ ತಂದಿದ್ದರು. ಎಂಟು ವರ್ಷದ ಮಕ್ಕಳಿಗೆ ಸಾವು ತೋರಿಸಿಬಿಟ್ಟೆವಲ್ಲ ಎಂದು ವಾರಕ್ಕೆರಡು ದಿನ ಬರುವ ಕೌನ್ಸೆಲರ್ ಮೇಡಂ ಅವರನ್ನು ತಕ್ಷಣ ಕರೆಸಿದರು. ಕೌನ್ಸೆಲರ್ ಮೇಡಂ ಅವರ ಕೋಣೆ ಆಟದ ಸಾಮಾನಿನ ಉಗ್ರಾಣದ ಪಕ್ಕದಲ್ಲಿತ್ತು. ವರ್ಷವಿಡೀ ಅಲ್ಲಿ ಚೆಂಡಿಗೆ ಗಾಳಿ ತುಂಬಿಸಿಕೊಳ್ಳಲು ಬಂದ ಮಕ್ಕಳ ಹೊರತು ಬೇರೆ ಯಾರೂ ಹೋಗಿರಲಿಲ್ಲ. ಕೊನೆಗೂ ಕೆಲಸ ಬಂತೆಂದು ಅವರಿಗೆ ಎಷ್ಟು ಹುರುಪು ಬಂತೆಂದರೆ, ಅದೇ ಮಧ್ಯಾಹ್ನ ಮೂರನೇ ತರಗತಿಗೆ 'ಸಾಂತ್ವನದ ಅವಧಿ' ಗೊತ್ತುಮಾಡಿದರು. ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸಿ, ತಾಯಿ ಕರಡಿ ಇಲ್ಲದ ಕರಡಿಮರಿಗೆ ಹೇಗನಿಸಿರಬಹುದು, ಅಳು ಬಂದರೆ ಅತ್ತುಬಿಡಿ ಎಂದರು. ಮಕ್ಕಳು ಮುಖ ಮುಖ ನೋಡಿಕೊಂಡವು. ತಕ್ಕಡಿ ಸಾಹೇಬರ ಮಗಳು ಎದ್ದು ನಿಂತಳು.

"ಮೇಡಂ, ಯಾರೂ ಸತ್ತಿಲ್ಲ. ಅದು ನಿದ್ದೆ ಮಾಡ್ತಿತ್ತು. ಚಳಿಗಾಲ ಅಲ್ವಾ."

ಸತ್ತವರನ್ನು ನಿದ್ದೆ ಮಾಡುತ್ತಿದ್ದಾರೆ ಎನ್ನುವುದು ಕೌನ್ಸೆಲಿಂಗ್ ಪುಸ್ತಕದ ನಲವತ್ತೆರಡನೆಯ ಪುಟದಲ್ಲೇ ಇರುವ ಲಕ್ಷಣ. ಕೌನ್ಸೆಲರ್ ಮೇಡಂ ನಿಧಾನವಾಗಿ ತಲೆಯಾಡಿಸಿ, ಅವಳ ಹೆಸರಿನ ಮುಂದೆ 'ಸಾವಿನ ನಿರಾಕರಣೆ' ಎಂದು ಬರೆದುಕೊಂಡರು. ಮಿಕ್ಕ ಮಕ್ಕಳೂ ಹೌದು ಮೇಡಂ, ನಿದ್ದೆ ಮೇಡಂ ಎಂದು ಕೂಗತೊಡಗಿದಾಗ ರೋಗ ಇಡೀ ತರಗತಿಗೆ ಹಬ್ಬಿದೆ ಎಂಬುದು ಖಚಿತವಾಯಿತು. ಮೂವತ್ತೆರಡರಲ್ಲಿ ಮೂವತ್ತೊಂದು ಮಕ್ಕಳು ನಿರಾಕರಣೆಯಲ್ಲಿದ್ದರು. ಮೂವತ್ತೆರಡನೆಯ ಹುಡುಗ ಜ್ವರ ಬಂದು ಸಿನಿಮಾಕ್ಕೆ ಹೋಗಿರಲಿಲ್ಲ. ತಾಯಿ ಕರಡಿ ಸತ್ತಿತೆಂದು ಅವನಿಗೆ ಗೊತ್ತಾದದ್ದೇ ಈಗ, ಗಳಗಳನೆ ಅತ್ತುಬಿಟ್ಟ. ಅವನ ಹೆಸರಿನ ಮುಂದೆ 'ಆರೋಗ್ಯಕರ' ಎಂದು ಬರೆದರು.

ಮರುದಿನ ಮನೆಗೆ ಪತ್ರ ಬಂತು. ತಮ್ಮ ಮಗಳು ಈ ನಿರಾಕರಣೆಗೆ ಮೂಲವಾಗಿದ್ದು ಇತರ ಮಕ್ಕಳ ಮೇಲೂ ಪ್ರಭಾವ ಬೀರುತ್ತಿದ್ದಾಳೆ, ಸಾವಿನ ದೃಶ್ಯವಿರುವ ಪಾತ್ರದ ಭಾರ ಈ ಎಳೆಯ ಮನಸ್ಸಿಗೆ ಸದ್ಯಕ್ಕೆ ಬೇಡ, ಆದಕಾರಣ ಮರಿಕರಡಿಯ ಪಾತ್ರವನ್ನು ಮಾನಸಿಕವಾಗಿ ಗಟ್ಟಿಯಿರುವ ಇನ್ನೊಂದು ಮಗುವಿಗೆ ಕೊಡಲಾಗಿದೆ ಎಂದು ಅದರಲ್ಲಿತ್ತು. ಗಟ್ಟಿ ಮಗು ಅಂದರೆ ಜ್ವರದ ಹುಡುಗ.

ಮಗಳು ಕರಡಿಯ ಚರ್ಮ ಹಾಕಿಕೊಂಡು ಊಟದ ಮೇಜಿನ ಕೆಳಗೆ ಹೋಗಿ ಕೂತಳು, ಹೊರಗೆ ಬರಲಿಲ್ಲ. ಹೆಂಡತಿ ಡ್ಯೂಟಿಯಿಂದ ಬಂದವಳು ಚಪ್ಪಲಿ ಬಿಡದೆಯೇ ಪತ್ರ ಓದಿದಳು, ಜೊತೆಗೆ ಲಗತ್ತಿಸಿದ್ದ ಗಂಡನ ಹಾಳೆಯನ್ನೂ ಓದಿದಳು.

"ಏನ್ರೀ, ಇಡೀ ಸಿನಿಮಾದಲ್ಲಿ ನಿಮಗೆ ತಾಯಿ ಸಾಯೋದೇ ಹಿಡಿಸ್ತಾ?"

ಹಿಡಿಸಿದ್ದಲ್ಲ, ತಟ್ಟಿದ್ದು ಎಂದು ಅವನು ವಿವರಿಸಲು ಹೋದ. ಅದು ಬಿಡಿ, ಸತ್ಳೋ ಇಲ್ವೋ ಅಷ್ಟು ಹೇಳಿ ಎಂದು ಅವಳು ಪಟ್ಟು ಹಿಡಿದಳು. ನಿಜ ಹೇಳಲು ಅದೇ ಸಮಯವಾಗಿತ್ತು. ನಿದ್ದೆ ಬಂತು ಮಾರಾಯ್ತಿ, ತಪ್ಪಾಯಿತು ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜಂಬ ಎಂಬುದು ಬಾಯಿಗೆ ಬಂದ ಮಾತನ್ನು ಗಂಟಲಲ್ಲೇ ತಡೆದು ತಿರುಗಿಸಿ ಕಳಿಸುತ್ತದೆ. ಇಲಾಖೆಯವನು ನಾನು, ನೋಡದೆ ರುಜು ಹಾಕ್ತೀನಾ ಎಂದುಬಿಟ್ಟ.

ಮೇಜಿನ ಕೆಳಗಿಂದ ಕಂದು ತಲೆ ಹೊರಗೆ ಬಂತು. "ಅಪ್ಪ, ನೀನೇ ಹೇಳು. ಅದು ಸತ್ತಿತ್ತಾ?"

"ನೀನಿನ್ನೂ ಚಿಕ್ಕವಳು ಮಗಳೇ. ನಿಂಗೆ ಅರ್ಥ ಆಗಿಲ್ಲ."

ತಲೆ ಮತ್ತೆ ಒಳಗೆ ಹೋಯಿತು.

ಮಾತು ಮನೆಯೊಳಗೇ ಉಳಿಯಲಿಲ್ಲ. ಅತ್ತೆ ಫೋನು ಮಾಡಿ, ಅಳಿಯಂದಿರಿಗೆ ತಾಯಿ ಸಾಯೋದು ನೋಡಿ ಕಣ್ಣು ತುಂಬಿತಂತೆ, ಅದು ಹೆತ್ತ ತಾಯಿ ನೆನಪಾಗಿಯೋ ಅಥವಾ ಹೆಂಡತಿಯ ತಾಯಿ ಇನ್ನೂ ಬದುಕಿದ್ದಾಳೆಂದು ನೆನಪಾಗಿಯೋ ಕೇಳು ಎಂದು ತಮ್ಮ ಮಗಳಿಗೆ ಹೇಳಿದರು. ಕೆಳಮನೆಯ ನಿವೃತ್ತ ಹೆಡ್‌ಕ್ಲರ್ಕು ಪೇಪರ್ ಕೇಳುವ ನೆಪದಲ್ಲಿ ಬಂದು ತೀರ್ಪು ಕೊಟ್ಟರು. ಅವರು ಸಿನಿಮಾ ಮಂದಿರಕ್ಕೆ ಕಾಲಿಟ್ಟು ಇಪ್ಪತ್ತು ವರ್ಷವಾಗಿತ್ತು. ಆದರೂ ಮಕ್ಕಳ ಸಿನಿಮಾದಲ್ಲಿ ತಾಯಿ ಸಾಯಲೇಬೇಕು, ಇಲ್ಲದಿದ್ದರೆ ಮರಿ ಮನೆ ಬಿಟ್ಟು ಹೊರಡುವುದು ಹೇಗೆ, ಹೊರಡದಿದ್ದರೆ ಕಥೆ ಎಲ್ಲಿಂದ ಬಂತು ಎಂದು ವಾದಿಸಿದರು. ಇವನಿಗೆ ಎಷ್ಟು ಸಮಾಧಾನವಾಯಿತೆಂದರೆ ಅವರಿಗೆ ಎರಡನೇ ಲೋಟ ಟೀ ಕೊಟ್ಟ. ಹೆಂಡತಿ ಮಾತ್ರ ಒಪ್ಪಲಿಲ್ಲ. ವಾರ್ಡಿನಲ್ಲಿ ಸತ್ತವರನ್ನೂ ನಿದ್ದೆ ಹೋದವರನ್ನೂ ದಿನವೂ ನೋಡುವವಳು ಅವಳು. ನಾಡಿ ನೋಡದೆ ಹೇಳುವ ಮಾತನ್ನು ನಂಬುವ ಅಭ್ಯಾಸ ಅವಳಿಗಿರಲಿಲ್ಲ. ಮರುದಿನವೇ ಶಾಲೆಗೆ ಹೋಗಿ, ಮಗು ಸುಳ್ಳು ಹೇಳ್ತಿದ್ದಾಳೆ ಅಂತ ಬರೆಯೋ ಮುಂಚೆ ದೊಡ್ಡವರೆಲ್ಲ ಇನ್ನೊಂದು ಸಲ ಆ ಸಿನಿಮಾ ನೋಡಿ ಬನ್ನಿ ಎಂದು ಹೆಡ್‌ಮಿಸ್‌ಗೆ ಖಂಡತುಂಡವಾಗಿ ಹೇಳಿ ಬಂದಳು.

ಹೆಡ್‌ಮಿಸ್ ಸಮಿತಿ ರಚಿಸಿದರು. ಅವರೇ ಅಧ್ಯಕ್ಷರು, ಕೌನ್ಸೆಲರ್ ಮೇಡಂ, ಹಲ್ಲಿನ ಡಾಕ್ಟರು, ತಕ್ಕಡಿ ಸಾಹೇಬರು ಸದಸ್ಯರು. ಮಗಳನ್ನು ಕರೆದೊಯ್ಯುವುದು ಚಿಕಿತ್ಸೆಯ ಭಾಗವಾಗಿ. ಭಾನುವಾರ ಬೆಳಗಿನ ಆಟಕ್ಕೆ ಐದು ಸೀಟು ಸಾಲಾಗಿ ಹಿಡಿದರು. ಸಿನಿಮಾ ಶುರುವಾಗುವ ಮುಂಚೆ ಡಾಕ್ಟರು ಒಂದು ಸಣ್ಣ ಭಾಷಣ ಮಾಡಿದರು. ಇಂಥ ಸಿನಿಮಾಗಳಲ್ಲಿ ಎರಡು ಪದರ ಇರುತ್ತದಂತೆ, ಒಂದು ಮಕ್ಕಳಿಗೆ, ಇನ್ನೊಂದು ದೊಡ್ಡವರಿಗೆ. ದೊಡ್ಡವರ ಪದರ ಮಕ್ಕಳ ಕಣ್ಣಿಗೆ ಕಾಣುವುದಿಲ್ಲವಂತೆ. ಹಾಗಿದ್ದರೆ ಸಾವು ಎರಡನೆಯ ಪದರದಲ್ಲಿರಬೇಕು ಎಂದು ಕೌನ್ಸೆಲರ್ ಮೇಡಂ ಬರೆದುಕೊಂಡರು. ದೀಪ ಆರಿತು.

ಮೊದಲು ಹೋದವರು ಡಾಕ್ಟರು. ದಿನಕ್ಕೆ ಮೂವತ್ತು ಜನರಿಗೆ ಬಾಯಿ ತೆಗೀರಿ ಎನ್ನುವ ಆ ಮಹಾನುಭಾವರು ಯಾರೂ ಹೇಳದೆಯೇ ಬಾಯಿ ತೆಗೆದು ಒರಗಿದರು. ಕೌನ್ಸೆಲರ್ ಮೇಡಂ ತಲೆಯನ್ನು ಒಂದು ಕಡೆಗೆ ಓರೆ ಮಾಡಿ, ಯಾರದೋ ದುಃಖವನ್ನು ಸಹಾನುಭೂತಿಯಿಂದ ಕೇಳುತ್ತಿರುವ ಭಂಗಿಯಲ್ಲೇ ನಿದ್ದೆ ಹೋದರು. ಹೆಡ್‌ಮಿಸ್ ಅವರದು ಮೀಟಿಂಗುಗಳಲ್ಲಿ ಪಳಗಿದ ನಿದ್ದೆ. ಬೆನ್ನು ನೆಟ್ಟಗೆ, ಕನ್ನಡಕ ಸರಿಯಾಗಿ, ಆಗಾಗ ಒಂದು ಹೂಂ. ಎಚ್ಚರವಿದ್ದವನು ತಕ್ಕಡಿ ಸಾಹೇಬ ಒಬ್ಬನೇ. ಕಾರಣ ಇಷ್ಟೆ, ಈ ಸಲ ಅವನು ಬಂದದ್ದು ಪರಿಶೀಲನೆಗೆ. ಪುಸ್ತಕ ತೊಡೆಯ ಮೇಲೆ, ಪೆನ್ನು ಕೈಯಲ್ಲಿ. ಡ್ಯೂಟಿಯ ಮೇಲೆ ಅವನು ಯಾವತ್ತೂ ನಿದ್ದೆ ಮಾಡಿದವನಲ್ಲ, ನಿದ್ದೆಯೆಲ್ಲ ಮನೆಯವರ ಪಾಲಿಗೆ.

ಹೀಗೆ ಅವನು ಐದನೆಯ ಕರಡಿಯನ್ನು ನೋಡಿದ. ಆರನೆಯದು ಮರಿ; ಅದಕ್ಕೆ ನಿದ್ದೆಯೇ ಬರುವುದಿಲ್ಲ. ಎಲ್ಲರೂ ಚಳಿಗಾಲಕ್ಕೆಂದು ಮಲಗಿಬಿಟ್ಟಿದ್ದಾರೆ, ಎಬ್ಬಿಸಿದರೆ ಏಳುವುದಿಲ್ಲ. ಮರಿ ಒಂಟಿಯಾಗಿ ಹೊರಗೆ ಹೋಗುತ್ತದೆ, ಮೊದಲ ಸಲ ಹಿಮ ನೋಡುತ್ತದೆ, ಜಾರಿ ಬೀಳುತ್ತದೆ, ಒಂದು ಮೊಲದ ಸ್ನೇಹ ಮಾಡಿ ಜಗಳವನ್ನೂ ಆಡುತ್ತದೆ. ದಿನವೂ ಗುಹೆಗೆ ಬಂದು, ಮಲಗಿರುವ ತಾಯಿಯ ಕಿವಿಯಲ್ಲಿ ಅವತ್ತು ಆದದ್ದನ್ನೆಲ್ಲ ಹೇಳುತ್ತದೆ. ಪಿಟೀಲುಗಳು ಗೊಳೋ ಎಂದದ್ದು ಅಲ್ಲಿ. ಕೊನೆಗೆ ಬಿಸಿಲು ಬರುತ್ತದೆ, ತಾಯಿ ಕಣ್ಣು ಬಿಡುತ್ತದೆ, ಬಿಟ್ಟ ಕೂಡಲೇ ಆ ಮೊಲದ ಜೊತೆ ರಾಜಿಯಾಯಿತೇನೋ ಎಂದು ಕೇಳುತ್ತದೆ. ನಿದ್ದೆಯಲ್ಲಿದ್ದರೂ ಅದಕ್ಕೆ ಎಲ್ಲವೂ ಕೇಳಿಸಿತ್ತು.

ತಕ್ಕಡಿ ಸಾಹೇಬನ ಕಣ್ಣು ತುಂಬಿ ಬಂತು. ಹಾಳೆಯಲ್ಲಿ ಬರೆದದ್ದು ನಿಜವಾಯಿತು, ಒಂದು ವಾರ ತಡವಾಗಿ. ಇದನ್ನು ನೋಡದೆ ಮಲಗಿದ್ದೆನಲ್ಲ ಎಂದು ಅವನಿಗೆ ನಿಜವಾಗಿ ನಾಚಿಕೆಯಾಯಿತು. ಪಕ್ಕಕ್ಕೆ ತಿರುಗಿದರೆ ಮಗಳು ಪರದೆಯನ್ನು ನೋಡುತ್ತಿರಲಿಲ್ಲ, ಇವನನ್ನೇ ನೋಡುತ್ತಿದ್ದಳು. ಎಚ್ಚರ ಇದ್ದಾನೋ ಇಲ್ಲವೋ ಎಂದು.

ದೀಪ ಹತ್ತಿತು. ಸಮಿತಿ ಎದ್ದು ಕಣ್ಣು ಒರೆಸಿಕೊಂಡಿತು. ಡಾಕ್ಟರು ಕಣ್ಣುಜ್ಜುವುದನ್ನು ಹೆಡ್‌ಮಿಸ್ ನೋಡಿದರು, ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸುವುದನ್ನು ಕೌನ್ಸೆಲರ್ ಮೇಡಂ ನೋಡಿದರು. ಎಲ್ಲರೂ ಅತ್ತಿದ್ದಾರೆ ಎಂದು ಎಲ್ಲರಿಗೂ ಮನವರಿಕೆಯಾಯಿತು. ತುಂಬಾ ಹೃದಯಸ್ಪರ್ಶಿ ಎಂದರು ಹೆಡ್‌ಮಿಸ್. ವಿಶೇಷವಾಗಿ ತಾಯಿಯ ಆ ದೃಶ್ಯ ಎಂದರು ಡಾಕ್ಟರು. ಯಾವ ದೃಶ್ಯ ಎಂದು ಯಾರೂ ಕೇಳಲಿಲ್ಲ. ಪಾಪ್‌ಕಾರ್ನ್ ಕೌಂಟರಿನ ಮೇಲೆಯೇ ವರದಿ ಬರೆದದ್ದಾಯಿತು: 'ಸಮಿತಿಯು ಚಿತ್ರವನ್ನು ಪೂರ್ಣವಾಗಿ ವೀಕ್ಷಿಸಿ, ತಾಯಿ ಕರಡಿಯ ಸಾವನ್ನು ಸರ್ವಾನುಮತದಿಂದ ದೃಢಪಡಿಸುತ್ತದೆ.' ಮೂರು ರುಜು ಬಿದ್ದವು. ಕಾಗದ ನಾಲ್ಕನೆಯವನ ಮುಂದೆ ಬಂತು.

ಆ ತಾಯಿ ಕೊನೆಗೆ ಏಳುತ್ತಲ್ಲ ಎಂದು ಅವನು ಮೆಲ್ಲಗೆ ಬಾಯಿಬಿಟ್ಟ. ಹಲ್ಲಿನ ಡಾಕ್ಟರ ಮುಖ ಗಂಟಾಯಿತು.

"ಅಂದ್ರೆ, ನಾವೆಲ್ಲ ನಿದ್ದೆ ಮಾಡ್ತಿದ್ವಿ ಅಂತಾನಾ?"

ಯಾರೂ ಹಾಗೆ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕೌನ್ಸೆಲರ್ ಮೇಡಂ ನಡುವೆ ಬಂದು, ಅವರು ಹೇಳುತ್ತಿರುವುದು ಮೊದಲ ಪದರ ಇರಬೇಕು ಎಂದು ಸಮಾಧಾನ ಮಾಡಿದರು. ಆಮೇಲೆ ದನಿ ತಗ್ಗಿಸಿ, ಮಗು ಇವತ್ತು ಸಾವಿನ ದೃಶ್ಯವನ್ನು ಧೈರ್ಯವಾಗಿ ಎದುರಿಸಿದೆ, ವರದಿಗೆ ತಂದೆಯ ರುಜುವೂ ಬಿದ್ದರೆ ಚಿಕಿತ್ಸೆ ಮುಗಿಯಿತು ಎಂದು ಬರೆದು ನಾಳೆಯೇ ಪಾತ್ರ ವಾಪಸ್ಸು ಕೊಡಿಸಬಹುದು ಎಂದರು. ಬೀಳದಿದ್ದರೆ ಎಂದು ಇವನು ಕೇಳಿದ. ಬೀಳದಿದ್ದರೆ ನಿರಾಕರಣೆ ಮನೆತನದ್ದೇ ಎಂದು ಬರೆಯಬೇಕಾಗುತ್ತದೆ ಎಂದರು.

ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಮೇಜಿನ ಕೆಳಗೆ ಮುದುರಿ ಕೂತ ಕಂದು ಕಂಬಳಿ ಅವನ ಕಣ್ಣ ಮುಂದೆ ಬಂತು. ಪಾತ್ರ ಸಿಕ್ಕರೆ ಸಾಕು, ಕರಡಿ ಸತ್ತರೇನು ಬದುಕಿದರೇನು ಎಂದುಕೊಂಡ. 'ಖುದ್ದಾಗಿ ಪರಿಶೀಲಿಸಿದೆ' ಎಂದು ಬರೆದು ರುಜು ಹಾಕಿದ. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವನು ಕಣ್ಣಾರೆ ನೋಡಿ, ನೋಡಿದ್ದಕ್ಕೆ ವಿರುದ್ಧವಾಗಿ ಬರೆದುಕೊಟ್ಟಿದ್ದ.

ಬಸ್ಸಿನಲ್ಲಿ ಸಂಭ್ರಮದಿಂದ ಮಗಳಿಗೆ ಸುದ್ದಿ ಹೇಳಿದ, ನಾಳೆಯಿಂದ ಮತ್ತೆ ನೀನೇ ಮರಿ ಎಂದು. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಇವತ್ತು ಎಚ್ಚರ ಇದ್ದೆ ಅಲ್ವಾ ಅಪ್ಪ?"

"ಇದ್ದೆ."

"ಸತ್ತಿತ್ತಾ?"

"ಇಲ್ಲ."

"ಮತ್ತೆ ಯಾಕೆ ಸೈನ್ ಹಾಕ್ದೆ?"

ದೊಡ್ಡವರ ವ್ಯವಹಾರ, ನಿನಗೋಸ್ಕರವೇ ಎಂದು ಏನೇನೋ ತೊದಲಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮೊದಲನೇ ಸಲ ನೀನು ಮಲಗಿದ್ದು ನಂಗೆ ಗೊತ್ತು. ಹಾಳೆ ತುಂಬ್ಸೋಕೆ ಬೇಕಲ್ಲ ಅಂತ ಬರ್ತಾ ಬಸ್ಸಲ್ಲಿ ಕಥೆ ಪೂರ್ತಿ ಹೇಳ್ದೆ. ತಾಯಿ ಎದ್ದಿದ್ದೂ ಹೇಳ್ದೆ. ನೀನು ಹೂಂ ಹೂಂ ಅಂತಿದ್ದೆ."

ಆ ಬಸ್ಸಿನಲ್ಲಿ ತಾನು ಕಣ್ಣು ಬಿಟ್ಟುಕೊಂಡೇ ಇದ್ದದ್ದು ಅವನಿಗೆ ನೆನಪಿತ್ತು. ಹೂಂಗುಟ್ಟಿದ್ದೂ ನೆನಪಿತ್ತು. ಕಥೆ ಮಾತ್ರ ಒಂದು ಅಕ್ಷರವೂ ನೆನಪಿರಲಿಲ್ಲ. ಅವನಿಗೆ ಆ ಕ್ಷಣ ಆದ ನೋವು ಸಣ್ಣದಲ್ಲ, ಆದರೆ ಬಾಯಿಂದ ಹೊರಟದ್ದು ಮತ್ತೊಂದು ಹೂಂ.

ಅವತ್ತಿನಿಂದ ಮಗಳು ಅವನೊಂದಿಗೆ ಮಾತು ಬಿಟ್ಟಳು. ಅಮ್ಮ, ಅಪ್ಪನಿಗೆ ಊಟಕ್ಕೆ ಬರೋಕೆ ಹೇಳು. ಅಮ್ಮ, ಅಪ್ಪ ನನ್ನ ಪೆನ್ಸಿಲ್ ಮೇಲೆ ಕೂತಿದಾರೆ ಅಂತ ಹೇಳು. ಅಪ್ಪ ಎದುರಿಗೇ ಇದ್ದರೂ ಎಲ್ಲವೂ ಮೇಲಧಿಕಾರಿಯ ಮೂಲಕ. ಹೆಂಡತಿಗೆ ಬಸ್ಸಿನ ಸಂಗತಿ ಗೊತ್ತಾಗಿತ್ತು, ಅವಳು ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಹದಿನೈದು ದಿನದ ಮೇಲೆ ನಾಟಕ. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ, ಅವರ ಎಡಬಲದಲ್ಲಿ ಸಮಿತಿಯ ಮೂವರು, ತಕ್ಕಡಿ ಸಾಹೇಬ ಹಿಂದಿನ ಸಾಲಿನಲ್ಲಿ. ಹೆಡ್‌ಮಿಸ್ ಮಾಡಿದ ಸ್ವಾಗತ ಭಾಷಣದಲ್ಲಿ ಒಂದು ಅಂಕಿ ಅಂಶ ಬಂತು: ಮಕ್ಕಳ ಸಿನಿಮಾಗಳು ಪೋಷಕರ ಮನಸ್ಸನ್ನೂ ಹಿಡಿದಿಡುತ್ತವೆ ಎಂದು ಹಾಳೆ ಕೊಟ್ಟ ಪೋಷಕರಲ್ಲಿ ನೂರಕ್ಕೆ ನೂರು ಜನ ಬರೆದುಕೊಟ್ಟಿದ್ದಾರೆ. ಚಪ್ಪಾಳೆ ಬಿತ್ತು. ತೆರೆ ಸರಿದ ಕೂಡಲೇ ನೂರು ಮೊಬೈಲುಗಳು ಮೇಲೆದ್ದವು. ಎದುರಿಗಿದ್ದ ಮಕ್ಕಳನ್ನು ಬಿಟ್ಟು ಪೋಷಕರೆಲ್ಲ ಅಂಗೈಯಗಲದ ಮಕ್ಕಳನ್ನು ನೋಡತೊಡಗಿದರು.

ನಾಟಕ ವರದಿಗೆ ಅನುಗುಣವಾಗಿತ್ತು. ಎರಡನೇ ದೃಶ್ಯದಲ್ಲಿ ತಾಯಿ ಕರಡಿ ಸಾಯಬೇಕು. ತಾಯಿಯ ಪಾತ್ರ ಹಲ್ಲಿನ ಡಾಕ್ಟರ ಮಗಳದು, ಅವಳು ಶಿಸ್ತಾಗಿ ಕೆಮ್ಮಿ, ಮಲಗಿ, ಸತ್ತಳು. ಎರಡು ಮೊಲಗಳು ಬಂದು ಬಿಳಿ ಬೆಡ್‌ಶೀಟು ಹೊದಿಸಿ ಹೋದವು. ಈಗ ಮರಿ ಬಂದು ಹೂವಿಟ್ಟು, ಅಮ್ಮಾ ನನ್ನ ಬಿಟ್ಟು ಹೋದೆಯಾ ಎಂದು ಅಳಬೇಕು. ಮರಿ ಬಂತು, ಪಾತ್ರ ವಾಪಸ್ಸು ಪಡೆದ ಮಗಳೇ ಅದು. ಹೂವಿಡಲಿಲ್ಲ. ಬೆಡ್‌ಶೀಟಿನ ಪಕ್ಕ ಸುಮ್ಮನೆ ನಿಂತಿತು. ಪಕ್ಕದಿಂದ ನಾಟಕದ ಮೇಷ್ಟ್ರು ಅಳು, ಅಳು ಎಂದು ಪಿಸುಗುಟ್ಟುವುದು ಕೊನೆಯ ಸಾಲಿಗೂ ಕೇಳಿಸಿತು. ಮರಿ ವೇದಿಕೆಯ ಅಂಚಿಗೆ ಬಂದು, ಕೈಯ ಕಾಲುಚೀಲವನ್ನು ಹಣೆಗೆ ಅಡ್ಡ ಹಿಡಿದು, ದೀಪದ ಆಚೆಗಿದ್ದ ಜನರನ್ನು ನೋಡಿತು.

"ನಿದ್ದೆ ಮಾಡಿದ್ದು ಯಾರು? ಕೈ ಎತ್ತಿ."

ಇದೂ ನಾಟಕದಲ್ಲಿದೆ ಎಂದುಕೊಂಡು ಕೆಲವರು ನಕ್ಕರು. ಮೊಬೈಲ್ ಹಿಡಿದ ಕೈಗಳು ಮಾತ್ರ ಮೇಲಿದ್ದವು. ಸಮಿತಿಯ ಆ ಮೂರೂ ಜನ ಒಟ್ಟಿಗೆ ಕೆಳಗೆ ನೋಡಿ ತಮ್ಮ ತಮ್ಮ ಕಾರ್ಯಕ್ರಮ ಪಟ್ಟಿ ಓದತೊಡಗಿದರು. ತಕ್ಕಡಿ ಸಾಹೇಬ ಎದುರು ಬೀಳುವ ಮನುಷ್ಯನೇನೂ ಅಲ್ಲ, ಧೈರ್ಯವಂತನಂತೂ ಅಲ್ಲವೇ ಅಲ್ಲ. ಮಗಳು ಇವನ ಕಡೆ ನೋಡುತ್ತಲೂ ಇರಲಿಲ್ಲ, ಇವನು ಕೈ ಎತ್ತುತ್ತಾನೆ ಎಂಬ ನಿರೀಕ್ಷೆ ಅವಳಿಗಿದ್ದಂತೆಯೂ ಕಾಣಲಿಲ್ಲ. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಕೈ ಎತ್ತಿದ. ಕೈ ಕಾಣಿಸದೇನೋ ಎಂದು ಎದ್ದೇ ನಿಂತ.

"ನಾನು. ಮೊದಲನೇ ಸಲ ಪೂರ್ತಿ ಮಲಗಿದ್ದೆ. ನೋಡದೇನೇ ಬರೆದುಕೊಟ್ಟೆ. ಎರಡನೇ ಸಲ ನೋಡಿದೆ, ನೋಡಿಯೂ ಸುಳ್ಳಿಗೆ ರುಜು ಹಾಕಿದೆ. ಆ ತಾಯಿ ಸತ್ತಿಲ್ಲ. ನನ್ನ ಮಗಳು ಹೇಳಿದ್ದೇ ಸರಿ."

ಹೆಡ್‌ಮಿಸ್ ಹಿಂದಕ್ಕೆ ತಿರುಗಿ, ಕೂತ್ಕೊಳ್ಳಿ, ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದರು. ಡಾಕ್ಟರು ಸುಮ್ನಿರಿ, ನಾಟಕ ನಡೀತಿದೆ ಎಂದು ಗದರಿದರು. ಕೌನ್ಸೆಲರ್ ಮೇಡಂ ಚೀಲದಲ್ಲಿ ನೋಟ್‌ಬುಕ್ ಹುಡುಕತೊಡಗಿದರು. ಈ ಗಲಾಟೆಗೆ ಶಿಕ್ಷಣ ಇಲಾಖೆಯ ಅಧಿಕಾರಿಗಳು ಬೆಚ್ಚಿ, ಕಣ್ಣು ಒರೆಸಿಕೊಂಡು, ತಾಯಿಯ ಸಾವು ಬಹಳ ಚೆನ್ನಾಗಿ ಮೂಡಿಬಂದಿದೆ ಎಂದು ಹೆಡ್‌ಮಿಸ್ ಅವರನ್ನು ಅಭಿನಂದಿಸಿದರು.

ಆಗ ವೇದಿಕೆಯ ಮೇಲೆ ಬಿಳಿ ಬೆಡ್‌ಶೀಟು ಅಲ್ಲಾಡಿತು. ಅದರ ಅಡಿಯಿಂದ ಕಂದು ಕಾಲುಚೀಲ ಹಾಕಿದ ಪುಟ್ಟ ಕೈಯೊಂದು ನಿಧಾನವಾಗಿ ಮೇಲೆ ಬಂತು.

"ನಾನೂ ನಿದ್ದೆ ಮಾಡ್ತಿದ್ದೆ ಅಷ್ಟೇ," ಎಂದಳು ಸತ್ತಿದ್ದ ತಾಯಿ.

ಎದ್ದು ಕೂತಳು. ಹಲ್ಲಿನ ಡಾಕ್ಟರ ಬಾಯಿ ಈ ಸಲವೂ ಯಾರೂ ಹೇಳದೆಯೇ ತೆರೆದುಕೊಂಡಿತು. ಎರಡೂ ಬದಿಯಿಂದ ಮೊಲಗಳು, ಮರಗಳು, ಹಿಮದ ಹುಡುಗರು ಎಲ್ಲ ವೇದಿಕೆಗೆ ನುಗ್ಗಿ ಹೋ ಎಂದು ಕುಣಿದವು, ಸಭೆಯಲ್ಲಿದ್ದ ಮಕ್ಕಳೆಲ್ಲ ಕುರ್ಚಿಯ ಮೇಲೆ ನಿಂತು ಚಪ್ಪಾಳೆ ತಟ್ಟಿದವು. ಮಗಳು ತಾಯಿ ಕರಡಿಯ ಪಕ್ಕ ಕೂತು, ಕಿವಿಗೆ ಬಾಯಿ ಹಚ್ಚಿ ಕಥೆ ಶುರು ಮಾಡುವವಳಿದ್ದಳು. ನಡುವೆ ತಲೆಯೆತ್ತಿ, ಇನ್ನೂ ನಿಂತೇ ಇದ್ದ ತಕ್ಕಡಿ ಸಾಹೇಬನನ್ನು ನೋಡಿದಳು.

"ಅಪ್ಪ, ಕೂತ್ಕೋ. ಇನ್ಮುಂದೆ ಇರೋದು ನೋಡು. ಮಲಗಬೇಡ."

ಹದಿನೈದು ದಿನದ ಮೇಲೆ ಅವಳು ಅವನಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ಅವನು ಹೂಂ ಎನ್ನದೆ ಕೂತುಕೊಂಡ.